ಗೃಹಪ್ರವೇಶದ ಮಂತ್ರಗಳೆಲ್ಲ ವೇದದವೇ? ಶ್ರುತಿ, ಸ್ಮೃತಿ, ಪುರಾಣ, ಆಗಮಗಳ ವ್ಯತ್ಯಾಸ

ಪ್ರಶ್ನೆ: ರಾಜಾಜಿನಗರದಲ್ಲಿ ನಮ್ಮ ಹೊಸ ಫ್ಲಾಟಿನ ಗೃಹಪ್ರವೇಶ ಈಚೆಗೆ ನಡೆಯಿತು. ನವಗ್ರಹ ಹೋಮ, ಸತ್ಯನಾರಾಯಣ ಪೂಜೆ ಎರಡೂ ಆದವು. ಕಾಲೇಜಿನಲ್ಲಿ ಓದುವ ಮಗಳು ಪುರೋಹಿತರನ್ನು "ಇದೆಲ್ಲ ಯಾವ ಗ್ರಂಥದಲ್ಲಿದೆ?" ಎಂದು ಕೇಳಿದಳು. "ಎಲ್ಲ ವೇದದಲ್ಲೇ ಇದೆಯಮ್ಮ" ಎಂದರು ಅವರು. ಅವಳಿಗೆ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ವೇದ, ಉಪನಿಷತ್ತು, ಸ್ಮೃತಿ, ಪುರಾಣ, ಆಗಮ, ಗೀತೆ ಇವುಗಳ ನಡುವಿನ ವ್ಯತ್ಯಾಸವೇನು? ಒಂದಕ್ಕೊಂದು ವಿರೋಧ ಬಂದರೆ ಯಾವುದನ್ನು ಒಪ್ಪಬೇಕು? ಓದುವುದಾದರೆ ಎಲ್ಲಿಂದ ಶುರು ಮಾಡಬೇಕು? ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪುರೋಹಿತರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಶಾಸ್ತ್ರದಲ್ಲಿ ಅದಕ್ಕೊಂದು ಸಮರ್ಥನೆ ಇದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ನಿಮ್ಮ ಮಗಳು ಕೇಳಿದ್ದು ನೇರವಾದ ಪ್ರಶ್ನೆ, ಅದಕ್ಕೆ ನೇರವಾದ ಉತ್ತರವೂ ಇದೆ. ಆ ಬೆಳಗ್ಗೆ ನಿಮ್ಮ ಮನೆಯಲ್ಲಿ ನಡೆದುದರಲ್ಲಿ ವೇದದಿಂದ ಬಂದದ್ದು ಒಂದು ಭಾಗ, ಸೂತ್ರ ಮತ್ತು ಸ್ಮೃತಿಗಳಿಂದ ಬಂದದ್ದು ಒಂದು ಭಾಗ, ಪುರಾಣದಿಂದ ಬಂದದ್ದು ಇನ್ನೊಂದು. ಯಾವ ಗ್ರಂಥದಲ್ಲೂ ಇರದೆ ಮನೆಯ ಹಿರಿಯ ಹೆಂಗಸರಿಂದ ಬಂದದ್ದೂ ಸಾಕಷ್ಟು ಇರುತ್ತದೆ. ನೋಡುವವರಿಗೆ ಇವೆಲ್ಲ ಸೇರಿ ಒಂದೇ ಕರ್ಮವಾಗಿ ಕಾಣುತ್ತವೆ. ಈ ಗ್ರಂಥಗಳನ್ನು ಹೋಲಿಸಲು ಹೊರಟವರು ಮೊದಲು ಕೇಳಬೇಕಾದದ್ದು ಯಾವುದು ದೊಡ್ಡದು ಎಂದಲ್ಲ, ಯಾವುದು ಯಾವ ಪ್ರಶ್ನೆಗೆ ಉತ್ತರ ಹೇಳುತ್ತದೆ ಎಂದು. ದೊಡ್ಡದು, ಚಿಕ್ಕದು ಎಂಬ ವಿಚಾರ ಆಮೇಲಿನದು. ಅದನ್ನು ಎಲ್ಲ ಮತಗಳೂ ಒಂದೇ ರೀತಿ ತೀರ್ಮಾನಿಸಿಯೂ ಇಲ್ಲ.

ನವಗ್ರಹ ಹೋಮದಲ್ಲಿ ಶನಿಯ ಸರದಿ ಬಂದಾಗ ಪುರೋಹಿತರು "ಶಂ ನೋ ದೇವೀರಭಿಷ್ಟಯೇ" ಎಂದು ಶುರುವಾಗುವ ಮಂತ್ರವನ್ನು ಹೇಳಿ ಬನ್ನಿಯ ಸಮಿತ್ತನ್ನು ಅಗ್ನಿಗೆ ಹಾಕಿರುತ್ತಾರೆ. ಈ ಒಂದು ಆಹುತಿಯನ್ನು ಹತ್ತಿರದಿಂದ ನೋಡಿದರೆ ನಿಮ್ಮ ಪ್ರಶ್ನೆಯ ಅರ್ಧದಷ್ಟು ಬಿಡಿಸಿದಂತೆಯೇ. ಮಂತ್ರವು ಋಗ್ವೇದದ 10ನೇ ಮಂಡಲದ 9ನೇ ಸೂಕ್ತದಲ್ಲಿದೆ. ಆ ಸೂಕ್ತದ ದೇವತೆ ಜಲ: ದಿವ್ಯವಾದ ನೀರು ನಮಗೆ ಕುಡಿಯಲು ಹಿತವಾಗಲಿ, ನಮ್ಮ ಕಡೆಗೆ ಕ್ಷೇಮವನ್ನು ಹರಿಸಲಿ ಎಂಬುದು ಅಲ್ಲಿನ ಪ್ರಾರ್ಥನೆ. ಅಲ್ಲಿ ಶನಿಯ ಸುಳಿವೇ ಇಲ್ಲ. ಹಾಗಿದ್ದರೆ ಈ ಮಂತ್ರವನ್ನು ಶನಿಗೆ ಹೇಳಬೇಕೆಂದು ವಿಧಿಸಿದವರು ಯಾರು? ಯಾಜ್ಞವಲ್ಕ್ಯ ಸ್ಮೃತಿಯ ಆಚಾರಾಧ್ಯಾಯದಲ್ಲಿ ಗ್ರಹಶಾಂತಿಯ ಪ್ರಕರಣವೊಂದಿದೆ. ಯಾವ ಗ್ರಹಕ್ಕೆ ಯಾವ ವೇದಮಂತ್ರ, ಯಾವ ಸಮಿತ್ತು, ಯಾವ ಲೋಹ, ಯಾವ ದಕ್ಷಿಣೆ ಎಂಬುದನ್ನು ಅದು ಒಂದೊಂದಾಗಿ ಹೇಳುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಕಟ್ಟು ಕಟ್ಟಿ ಮಾರುವ ಎಕ್ಕ, ಮುತ್ತುಗ, ಕಗ್ಗಲಿ, ಉತ್ತರಾಣಿ, ಅರಳಿ, ಅತ್ತಿ, ಬನ್ನಿ, ಗರಿಕೆ, ದರ್ಭೆ ಎಂಬ ಒಂಬತ್ತರ ಪಟ್ಟಿ ಆ ಸ್ಮೃತಿಯಲ್ಲಿ ಇದೇ ಅನುಕ್ರಮದಲ್ಲಿದೆ. ಇನ್ನು ಶನಿ ಯಾರ ಮಗ, ಅವನ ತಾಯಿ ಛಾಯೆಯ ಕಥೆಯೇನು ಎಂದು ಕೇಳಿದರೆ ಪುರಾಣಗಳಿಗೆ ಹೋಗಬೇಕು. ಗ್ರಹಗಳ ಬಣ್ಣ, ವಾಹನ, ಆಯುಧಗಳ ವರ್ಣನೆ ಮತ್ಸ್ಯಪುರಾಣದಲ್ಲಿ ಸಿಗುತ್ತದೆ. ದೇವಸ್ಥಾನದ ನವಗ್ರಹ ಪೀಠದಲ್ಲಿ ಸೂರ್ಯನನ್ನು ನಡುವೆ ನಿಲ್ಲಿಸಿ ಉಳಿದವರನ್ನು ಸುತ್ತ ಹೇಗೆ ಕೂರಿಸಬೇಕು, ಅವರಿಗೆ ನಿತ್ಯಪೂಜೆ ಹೇಗೆ ಸಲ್ಲಬೇಕು ಎಂಬುದು ಆಗಮದ ವಿಷಯ. ಪಾವಗಡಕ್ಕೋ ಚಿಕ್ಕಮಧುರೆಗೋ ಹೋಗಿ ಎಳ್ಳಿನ ದೀಪ ಹಚ್ಚುವ ಬೆಂಗಳೂರಿಗರಿಗೆ ಇವೆಲ್ಲ ಒಂದೇ ಶನಿದೇವರ ಭಕ್ತಿ. ಗ್ರಂಥಗಳ ದೃಷ್ಟಿಯಿಂದ ನೋಡಿದರೆ ನಾಲ್ಕು ಬೇರೆ ಬೇರೆ ಅಧಿಕಾರಗಳು ಅಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿವೆ.

ಈಗ ಒಂದೊಂದನ್ನೇ ನೋಡೋಣ. ಶ್ರುತಿ ಎಂದರೆ ವೇದ: ಋಕ್, ಯಜುಸ್ಸು, ಸಾಮ, ಅಥರ್ವ. ವೇದಗಳಿಗೆ ಸಾಮಾನ್ಯವಾಗಿ ಮಂತ್ರಭಾಗವಾದ ಸಂಹಿತೆ, ಯಜ್ಞದ ವಿಧಿ ಮತ್ತು ವಿವರಣೆಯಾದ ಬ್ರಾಹ್ಮಣ, ಉಪಾಸನೆಯ ಕಡೆಗೆ ಹೊರಳುವ ಆರಣ್ಯಕ, ತತ್ತ್ವವಿಚಾರವಾದ ಉಪನಿಷತ್ತು ಎಂಬ ಪದರಗಳಿವೆ. ಹಾಗಾಗಿ "ವೇದ ಬೇರೆ, ಉಪನಿಷತ್ತು ಬೇರೆ" ಎಂಬ ರೂಢಿಯ ಮಾತು ಸರಿಯಲ್ಲ. ಈಶಾವಾಸ್ಯವು ಶುಕ್ಲ ಯಜುರ್ವೇದ ಸಂಹಿತೆಯ 40ನೇ, ಅಂದರೆ ಕೊನೆಯ, ಅಧ್ಯಾಯ. ಬೃಹದಾರಣ್ಯಕವು ಶತಪಥ ಬ್ರಾಹ್ಮಣದ ತುದಿಯಲ್ಲಿದೆ. ತೈತ್ತಿರೀಯ ಉಪನಿಷತ್ತು ತೈತ್ತಿರೀಯ ಆರಣ್ಯಕದ ಒಳಗಿನದು. ಋಗ್ವೇದ ಸಂಹಿತೆಯಲ್ಲಿ 10 ಮಂಡಲಗಳು, 1028 ಸೂಕ್ತಗಳಿವೆ. ಅದರ ರಚನೆ ಸುಮಾರು ಕ್ರಿ.ಪೂ. 1500ರಿಂದ 1000ರ ನಡುವಿನದೆಂಬುದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ಸಾಮವೇದದ ಮಂತ್ರಗಳಲ್ಲಿ ಬಹುಪಾಲು ಋಗ್ವೇದದವೇ. ಗಾನಕ್ಕೆ ಹೊಂದಿಸಿಕೊಂಡಿರುವುದೇ ಅದರ ವಿಶೇಷ. ಉಪನಿಷತ್ತುಗಳ ವಿಷಯದಲ್ಲಿ ಮುಕ್ತಿಕೋಪನಿಷತ್ತು 108ರ ಪಟ್ಟಿ ಕೊಡುತ್ತದೆಯಾದರೂ, ಪ್ರಾಚೀನವೆಂದು ಎಲ್ಲರೂ ಒಪ್ಪುವವು ಹತ್ತು ಹನ್ನೆರಡು ಮಾತ್ರ. ಉಳಿದವುಗಳಲ್ಲಿ ಹಲವು ಬಹಳ ಈಚಿನವು.

ವೇದವನ್ನು ಉಳಿದೆಲ್ಲದರಿಂದ ಬೇರೆ ಮಾಡುವುದು ಅದರ ಪ್ರಾಚೀನತೆಗಿಂತ ಹೆಚ್ಚಾಗಿ ಅದಕ್ಕೆ ಕರ್ತೃವಿಲ್ಲ ಎಂಬ ನಂಬಿಕೆ. ವೇದವಾಕ್ಯಗಳ ಅರ್ಥವನ್ನು ವಿಚಾರ ಮಾಡುವ ಜೈಮಿನಿಯ ಮೀಮಾಂಸಾ ದರ್ಶನದ ಪ್ರಕಾರ ವೇದ ಅಪೌರುಷೇಯ: ಮನುಷ್ಯರೂ ಬರೆದಿಲ್ಲ, ದೇವರೂ ಬರೆದಿಲ್ಲ, ಋಷಿಗಳು ಅದನ್ನು ಕಂಡವರು ಮಾತ್ರ. ನ್ಯಾಯ ದರ್ಶನದವರು ಇದನ್ನು ಒಪ್ಪದೆ, ಅದು ಈಶ್ವರನ ಮಾತು, ಆದ್ದರಿಂದಲೇ ಪ್ರಮಾಣ ಎನ್ನುತ್ತಾರೆ. ಕಾರಣ ಯಾವುದಾದರೂ ಇರಲಿ, ವೇದದಲ್ಲಿ ಅರ್ಥದಷ್ಟೇ ಅಕ್ಷರವೂ ಸ್ವರವೂ ಮುಖ್ಯ. ಪುರಾಣದ ಶ್ಲೋಕವೊಂದರಲ್ಲಿ ಒಂದು ಪದದ ಬದಲು ಅದೇ ಅರ್ಥದ ಇನ್ನೊಂದು ಬಂದರೆ ಅದು ಪಾಠಾಂತರ ಎನಿಸಿಕೊಳ್ಳುತ್ತದೆ. ವೇದದಲ್ಲಿ ಅದು ದೋಷ. ಪದ, ಕ್ರಮ, ಜಟೆ, ಘನ ಎಂದು ಪದಗಳನ್ನು ಹಿಂದೆ ಮುಂದೆ ಹೆಣೆದು ಹೇಳುವ ಪಾಠಕ್ರಮಗಳು ಹುಟ್ಟಿದ್ದು ಇದೇ ಕಾರಣಕ್ಕೆ. ಈ ಪಠನ ಪರಂಪರೆಯನ್ನು ಯುನೆಸ್ಕೊ 2003ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯೆಂದು ಘೋಷಿಸಿ, 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು.

ನಿಮ್ಮ ಮಗಳು ತಾನೇ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಇದೆ. ಸ್ವರಸಹಿತವಾಗಿ ಅಚ್ಚಾದ ಪೂಜಾ ಪುಸ್ತಕವೊಂದನ್ನು ತೆರೆದು ಪುರುಷಸೂಕ್ತದ ಪುಟ ನೋಡಲಿ. ಕೆಲವು ಅಕ್ಷರಗಳ ಕೆಳಗೆ ಅಡ್ಡಗೆರೆ, ಕೆಲವುಗಳ ಮೇಲೆ ನಿಂತ ಗೆರೆ ಇರುತ್ತದೆ. ಕೆಳಗಿನದು ಅನುದಾತ್ತ, ಮೇಲಿನದು ಸ್ವರಿತ. ಅದೇ ಪುಸ್ತಕದಲ್ಲಿ ಸತ್ಯನಾರಾಯಣ ಕಥೆಯ ಪುಟಕ್ಕೆ ಬಂದರೆ ಗೆರೆಗಳೆಲ್ಲ ಮಾಯವಾಗಿ ಸಾದಾ ಶ್ಲೋಕ ಶುರುವಾಗುತ್ತದೆ. ವೇದ ಎಲ್ಲಿ ಮುಗಿಯಿತು, ಪುರಾಣ ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೇ ಕಾಣುತ್ತದೆ. ಶಾಖೆಯ ವ್ಯತ್ಯಾಸವೂ ಹೀಗೆಯೇ ಗೊತ್ತಾಗುತ್ತದೆ: ಸೂರ್ಯನ ಮಂತ್ರವನ್ನು ಋಗ್ವೇದಿಗಳು "ಆ ಕೃಷ್ಣೇನ ರಜಸಾ" ಎಂದೂ ಕೃಷ್ಣ ಯಜುರ್ವೇದದ ತೈತ್ತಿರೀಯ ಶಾಖೆಯವರು "ಆ ಸತ್ಯೇನ ರಜಸಾ" ಎಂದೂ ಹೇಳುತ್ತಾರೆ. ಇಬ್ಬರದೂ ಶುದ್ಧ ಪಾಠವೇ. ಒಬ್ಬರು ಇನ್ನೊಬ್ಬರದನ್ನು ತಿದ್ದಲು ಹೋಗುವುದಿಲ್ಲ, ಹೋಗಲೂಬಾರದು.

ವೇದದ ಒಳಗೇ ಇರುವ ಒಂದು ದೊಡ್ಡ ಬಿರುಕನ್ನು ಇಲ್ಲಿ ಹೇಳಲೇಬೇಕು. ವೇದದ ತಾತ್ಪರ್ಯ ಕರ್ಮದಲ್ಲಿದೆ, "ಇದನ್ನು ಮಾಡು" ಎಂಬ ವಿಧಿವಾಕ್ಯಗಳೇ ಅದರ ಜೀವ, ಉಳಿದ ಕಥೆ ಹೊಗಳಿಕೆಗಳೆಲ್ಲ ಆ ವಿಧಿಗೆ ಮನಸ್ಸನ್ನು ಒಲಿಸುವ ಅರ್ಥವಾದಗಳು ಎಂಬುದು ಮೀಮಾಂಸಕರ ವಾದ. ಬ್ರಹ್ಮವನ್ನು ತಿಳಿಸುವ ಉಪನಿಷದ್ವಾಕ್ಯಗಳು ಯಾವ ವಿಧಿಗೂ ಅಂಗವಲ್ಲ, ಅವು ಸ್ವತಂತ್ರ ಪ್ರಮಾಣ ಎಂದು ಶಂಕರಾಚಾರ್ಯರು ಇದನ್ನು ವಿರೋಧಿಸಿದರು. ಒಂದೇ ಗ್ರಂಥರಾಶಿಯನ್ನು ಪೂರ್ತಿಯಾಗಿ ಒಪ್ಪಿಕೊಂಡ ಇಬ್ಬರು ಅದರ ಹೃದಯ ಎಲ್ಲಿದೆ ಎಂಬ ವಿಷಯದಲ್ಲಿ ಇಷ್ಟು ದೂರ ನಿಲ್ಲಬಲ್ಲರು ಎಂದ ಮೇಲೆ, "ವೇದ ಹೀಗೆ ಹೇಳುತ್ತದೆ" ಎಂದು ಯಾರಾದರೂ ಒಂದೇ ಉಸಿರಿನಲ್ಲಿ ಹೇಳಿದಾಗ "ಯಾರ ವ್ಯಾಖ್ಯಾನದ ಪ್ರಕಾರ?" ಎಂದು ಕೇಳುವುದು ಅವಿನಯವಲ್ಲ. ಮಂತ್ರಭಾಗಕ್ಕೆ ಇಂದು ನಮಗೆ ಸಿಗುವ ದೊಡ್ಡ ಭಾಷ್ಯ ಸಾಯಣಾಚಾರ್ಯರದು. 14ನೇ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ರಚಿತವಾದ ಅದು ಯಜ್ಞಪರವಾದ ದೃಷ್ಟಿಯದು.

ಸ್ಮೃತಿಯ ವಿಷಯಕ್ಕೆ ಬಂದರೆ, ಇದಕ್ಕೆ ವಿಶಾಲ ಮತ್ತು ಸೀಮಿತ ಎಂಬ ಎರಡು ವ್ಯಾಪ್ತಿಗಳಿವೆ. ವಿಶಾಲವಾಗಿ ಹೇಳುವಾಗ ವೇದವನ್ನು ಬಿಟ್ಟು ಋಷಿಗಳ ಹೆಸರಿನಲ್ಲಿ ಬಂದ ಎಲ್ಲವೂ ಸ್ಮೃತಿಯೇ. ಮಹಾಭಾರತವೂ ಅದರೊಳಗಿನ ಭಗವದ್ಗೀತೆಯೂ ಸ್ಮೃತಿಯೇ. ಸೀಮಿತವಾಗಿ ಹೇಳುವಾಗ ಅದು ಧರ್ಮಶಾಸ್ತ್ರ. ಗೃಹಪ್ರವೇಶದ ದಿನ ನೀವು ಗೋತ್ರ ಹೇಳಿದ ಮೇಲೆ ಪುರೋಹಿತರು "ಆಪಸ್ತಂಬ ಸೂತ್ರ" ಎಂದೋ "ಆಶ್ವಲಾಯನ ಸೂತ್ರ" ಎಂದೋ ಸೇರಿಸಿದ್ದರೆ, ನಿಮ್ಮ ಮನೆಯ ಸಂಸ್ಕಾರಗಳು ಯಾವ ಕಲ್ಪಸೂತ್ರದ, ಅಂದರೆ ಕರ್ಮಗಳ ವಿಧಿ ಹೇಳುವ ಯಾವ ಸೂತ್ರಗ್ರಂಥದ, ಪ್ರಕಾರ ನಡೆಯುತ್ತವೆ ಎಂಬುದನ್ನು ಅವರು ಹೇಳಿದ್ದಾರೆ ಎಂದೇ ಲೆಕ್ಕ. ಈ ಸೂತ್ರಗಳ ಮುಂದಿನ ಹಂತವಾಗಿ ಮನು, ಯಾಜ್ಞವಲ್ಕ್ಯ, ಪರಾಶರ ಮೊದಲಾದ ಶ್ಲೋಕರೂಪದ ಸ್ಮೃತಿಗಳು ಬಂದವು.

ಮನುಸ್ಮೃತಿಯ ಬಗ್ಗೆ ಎಲ್ಲರೂ ವಾದ ಮಾಡುತ್ತಾರೆ, ಆದರೆ ನಮ್ಮ ನಾಡಿನವರ ಬದುಕನ್ನು ಹೆಚ್ಚು ಮುಟ್ಟಿದ್ದು ಯಾಜ್ಞವಲ್ಕ್ಯ ಸ್ಮೃತಿ. ಅದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆ ಊರು. ಗ್ರಂಥದ ಕೊನೆಗೆ, ಕಲ್ಯಾಣದಂತಹ ಪಟ್ಟಣ ಭೂಮಿಯ ಮೇಲೆ ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆಯೂ ಇರಲಾರದು ಎಂದು ಆತ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬ ಮಿತಾಕ್ಷರದ ನಿಲುವು, ಜೀಮೂತವಾಹನನ ದಾಯಭಾಗವನ್ನು ಅನುಸರಿಸಿದ ಬಂಗಾಳದ ಕಡೆಯನ್ನು ಬಿಟ್ಟು, ಭಾರತದ ಹೆಚ್ಚಿನ ಭಾಗಗಳಲ್ಲಿ ನ್ಯಾಯಾಲಯದ ಕಾನೂನೇ ಆಯಿತು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ತಂದದ್ದು, 1956ರ ಉತ್ತರಾಧಿಕಾರ ಕಾಯಿದೆ, ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿ, ಇಡೀ ದೇಶಕ್ಕೆ ಅದನ್ನು ವಿಸ್ತರಿಸಿದ 2005ರ ತಿದ್ದುಪಡಿ, ಇವೆಲ್ಲ ತಿದ್ದಿದ್ದು ಆ ನಿಲುವನ್ನೇ. ವೇದದ ಒಂದಕ್ಷರವನ್ನು ಯಾರೂ ಮುಟ್ಟುವುದಿಲ್ಲ, ಆದರೆ ಸ್ಮೃತಿಯನ್ನು ಕಾಲ ತಿದ್ದುತ್ತದೆ. ಇದು ಆಧುನಿಕರ ಕಲ್ಪನೆಯೂ ಅಲ್ಲ. ಹಿಂದೆ ಆಚರಣೆಯಲ್ಲಿದ್ದು ಕಲಿಯುಗದಲ್ಲಿ ಮಾಡಬಾರದ ಸಂಗತಿಗಳನ್ನು ಕಲಿವರ್ಜ್ಯ ಎಂದು ನಿಬಂಧಕಾರರೇ, ಅಂದರೆ ಧರ್ಮಶಾಸ್ತ್ರದ ಸಂಗ್ರಹಗಳನ್ನು ಬರೆದವರೇ, ಪಟ್ಟಿ ಮಾಡಿಟ್ಟಿದ್ದಾರೆ.

ನಿಮ್ಮ ಪುರೋಹಿತರ ಮಾತಿಗೆ ಸಮರ್ಥನೆ ಸಿಗುವುದು ಇಲ್ಲಿಯೇ. ಸ್ಮೃತಿಗೆ ಪ್ರಾಮಾಣ್ಯ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಮೀಮಾಂಸಕರು ಕೊಡುವ ಉತ್ತರ ಹೀಗಿದೆ: ವೇದವನ್ನು ಚೆನ್ನಾಗಿ ಬಲ್ಲ ಋಷಿಗಳು ಒಂದು ವಿಧಿಯನ್ನು ಹೇಳಿದ್ದು, ಅದಕ್ಕೆ ವಿರುದ್ಧವಾದ ವೇದವಾಕ್ಯ ಯಾವುದೂ ಕಾಣದಿದ್ದರೆ, ಅದಕ್ಕೆ ಮೂಲವಾದ ಶ್ರುತಿಯೊಂದು ಇದ್ದಿರಲೇಬೇಕು, ನಮಗೆ ಇಂದು ಅದು ದೊರಕುತ್ತಿಲ್ಲ ಅಷ್ಟೇ. ಹೀಗೆ ಊಹಿಸಿಕೊಂಡ ಶ್ರುತಿಯೇ ಅನುಮಿತ ಶ್ರುತಿ. ಆ ಅರ್ಥದಲ್ಲಿ "ಎಲ್ಲ ವೇದದಲ್ಲೇ ಇದೆ". ಆದರೆ ಈ ಅನುಮಾನಕ್ಕೂ ಶಾಸ್ತ್ರ ಒಂದು ಕಡಿವಾಣ ಹಾಕಿದೆ. ಜೈಮಿನಿ ಸೂತ್ರದ ಭಾಷ್ಯಕಾರ ಶಬರಸ್ವಾಮಿ ಕೊಡುವ ಉದಾಹರಣೆ ನೋಡಿ. ಸೋಮಯಾಗದ ಮಂಟಪದಲ್ಲಿ ಅತ್ತಿಮರದ ಕಂಬವೊಂದನ್ನು ನೆಡುತ್ತಾರೆ, ಅದು ಔದುಂಬರಿ. ಕಂಬವನ್ನು ಮುಟ್ಟಿಕೊಂಡು ಸಾಮಗಾನ ಮಾಡಬೇಕು ಎನ್ನುತ್ತದೆ ಶ್ರುತಿ. ಕಂಬವನ್ನು ಪೂರ್ತಿಯಾಗಿ ಬಟ್ಟೆಯಿಂದ ಸುತ್ತಬೇಕು ಎನ್ನುತ್ತದೆ ಸ್ಮೃತಿ. ಪೂರ್ತಿ ಸುತ್ತಿದರೆ ಕಂಬವನ್ನು ಮುಟ್ಟುವುದು ಹೇಗೆ? ಇಲ್ಲಿ ಸ್ಮೃತಿಯನ್ನು ಬಿಡಬೇಕು ಎಂದು ಶಬರನ ತೀರ್ಪು. ಅಷ್ಟಕ್ಕೆ ನಿಲ್ಲದೆ, ಯಾರೋ ಬಟ್ಟೆಯ ಆಸೆಯಿಂದ ಈ ಪದ್ಧತಿಯನ್ನು ಹುಟ್ಟಿಸಿರಬಹುದು, ಲೋಭದಂತಹ ಕಾರಣ ಕಣ್ಣಿಗೆ ಕಾಣುವ ಕಡೆ ಶ್ರುತಿಮೂಲವನ್ನು ಊಹಿಸಬಾರದು ಎಂದೂ ಅವನು ಸೇರಿಸುತ್ತಾನೆ. ಯಜ್ಞ ಮಾಡಿಸುವ ಋತ್ವಿಜರ ಸಂಭಾವನೆಯ ಮೇಲೆಯೇ ಬೆಳೆದ ಶಾಸ್ತ್ರವೊಂದು ತನ್ನವರ ಬಗ್ಗೆಯೇ ಇಷ್ಟು ನಿರ್ದಾಕ್ಷಿಣ್ಯವಾಗಿ ಬರೆದಿರುವುದನ್ನು ನಾನು ಮತ್ತೆ ಮತ್ತೆ ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ. ಮುಂದೆ ಮೀಮಾಂಸಕನಾದ ಕುಮಾರಿಲ ಭಟ್ಟ ಈ ಎರಡು ವಾಕ್ಯಗಳಿಗೆ ಹೊಂದಾಣಿಕೆ ತರಲು ಶ್ರಮಪಟ್ಟ, ಅದು ಬೇರೆ ಮಾತು.

ಗ್ರಂಥಗಳಲ್ಲಿ ಇಲ್ಲದ್ದಕ್ಕೂ ಸ್ಥಾನವಿದೆ. ಹೊಸ ಒಲೆಯ ಮೇಲೆ ಹಾಲು ಉಕ್ಕಿಸಿದ್ದು, ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿದ್ದು, ಹಸುವನ್ನು ಮನೆಯೊಳಗೆ ಕರೆತರುವ ಪದ್ಧತಿ (ಅಪಾರ್ಟ್‌ಮೆಂಟುಗಳಲ್ಲಿ ಈಗ ಅದು ಕೆಳಗಿನ ಪಾರ್ಕಿಂಗ್‌ನಲ್ಲೇ ಮುಗಿಯುತ್ತದೆ), ಇವು ಆಚಾರ. ಧರ್ಮಕ್ಕೆ ವೇದ, ಸ್ಮೃತಿ, ಸಜ್ಜನರ ಆಚಾರ, ಆತ್ಮತುಷ್ಟಿ ಎಂಬ ಮೂಲಗಳನ್ನು ಮನುವೇ ಎಣಿಸಿದ್ದಾನೆ. ಆಪಸ್ತಂಬ ಧರ್ಮಸೂತ್ರವು ತನ್ನ ಕೊನೆಯಲ್ಲಿ, ಇಲ್ಲಿ ಹೇಳದೆ ಉಳಿದ ಧರ್ಮಗಳನ್ನು ಸ್ತ್ರೀಯರಿಂದಲೂ ಎಲ್ಲ ವರ್ಣದವರಿಂದಲೂ ತಿಳಿದುಕೊಳ್ಳಬೇಕು ಎಂಬುದು ಕೆಲವರ ಮತ ಎಂದು ದಾಖಲಿಸುತ್ತದೆ. ಮನೆಯ ಅಜ್ಜಿಯರು "ನಮ್ಮಲ್ಲಿ ಹೀಗೆ" ಎಂದಾಗ ಪುರೋಹಿತರು ಸುಮ್ಮನಾಗುವುದಕ್ಕೆ ಸೂತ್ರದ ಆಧಾರವೇ ಇದೆ.

ಇತಿಹಾಸ ಎಂದರೆ ರಾಮಾಯಣ ಮತ್ತು ಮಹಾಭಾರತ. ವೇದಾಧ್ಯಯನಕ್ಕೆ ಸ್ತ್ರೀಯರಿಗೂ ಶೂದ್ರರಿಗೂ ಅಧಿಕಾರವಿಲ್ಲ ಎಂದು ಸಂಪ್ರದಾಯ ಬಾಗಿಲು ಮುಚ್ಚಿತ್ತು. ಅವರಿಗಾಗಿಯೇ ವ್ಯಾಸರು ಭಾರತವನ್ನು ರಚಿಸಿದರು ಎಂದು ಭಾಗವತ ಹೇಳುತ್ತದೆ. ಆ ಸಮರ್ಥನೆಯನ್ನು ಇಂದು ನಾವು ಒಪ್ಪಬೇಕಾಗಿಲ್ಲ. ಆದರೆ ಅದರ ಪರಿಣಾಮ ದೊಡ್ಡದು. ವೇದ ಪಾಠಶಾಲೆಯೊಳಗೆ ಉಳಿಯಿತು, ಭಾರತ ಊರಿಗೆಲ್ಲ ಹರಿಯಿತು. ಅಕ್ಷರ ಬದಲಿಸಬಾರದ ಗ್ರಂಥವನ್ನು ಮರುಸೃಷ್ಟಿ ಮಾಡಲಾಗದು. ಇತಿಹಾಸವನ್ನಾದರೆ ಪಂಪ 941ರಲ್ಲಿ ಅರ್ಜುನನ ಕಡೆಯಿಂದ ಹೇಳಬಲ್ಲ, ಕುಮಾರವ್ಯಾಸ ಹತ್ತೇ ಪರ್ವಗಳಲ್ಲಿ ಕೃಷ್ಣನ ಕಥೆಯಾಗಿ ಹಾಡಬಲ್ಲ. ಬೆಂಗಳೂರಿನಲ್ಲಿ ಇದಕ್ಕೆ ದೊಡ್ಡ ನಿದರ್ಶನ ಕರಗ. ತಿಗಳರ ಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗದಲ್ಲಿ ದ್ರೌಪದಿಯೇ ಆದಿಶಕ್ತಿ. ತಿಮಿರಾಸುರನನ್ನು ಎದುರಿಸಲು ಅವಳು ವೀರಕುಮಾರರನ್ನು ಸೃಷ್ಟಿಸಿದಳು ಎಂಬ ಕಥೆ ವ್ಯಾಸಭಾರತದಲ್ಲಿಲ್ಲ. ಅದು ಇಲ್ಲ ಎಂಬ ಕಾರಣಕ್ಕೆ ಆ ಕಥೆ ಸುಳ್ಳೆಂದು ಹೇಳುವವರು ಇತಿಹಾಸ ಎಂಬ ಪ್ರಕಾರದ ಸ್ವಭಾವವನ್ನೇ ಅರಿತಿಲ್ಲ. ಪುಣೆಯ ಭಂಡಾರ್ಕರ್ ಸಂಸ್ಥೆ 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಸಂಶೋಧಿತ ಆವೃತ್ತಿಯಲ್ಲಿ ಪ್ರತಿ ಪುಟದ ಕೆಳಗೂ ಪ್ರಾಂತಗಳ ಪಾಠಾಂತರಗಳು ತುಂಬಿರುವುದನ್ನು ನೋಡಿದರೆ, ಭಾರತ ಹೇಗೆ ಬೆಳೆಯಿತೆಂಬುದು ತಿಳಿಯುತ್ತದೆ.

ಗೀತೆಯ ಸ್ಥಾನ ವಿಚಿತ್ರವಾದದ್ದು. ಭೀಷ್ಮಪರ್ವದ 18 ಅಧ್ಯಾಯ, 700 ಶ್ಲೋಕಗಳ ಈ ಭಾಗ ದರ್ಜೆಯಲ್ಲಿ ಸ್ಮೃತಿ, ಆದರೆ ಅಧ್ಯಾಯ ಮುಗಿದಾಗಲೆಲ್ಲ ಬರುವ ಸಮಾಪ್ತಿವಾಕ್ಯ ಅದನ್ನು ಉಪನಿಷತ್ತು ಎಂದೇ ಕರೆಯುತ್ತದೆ. ಉಪನಿಷತ್ತು, ಉಪನಿಷತ್ತುಗಳ ತತ್ತ್ವವನ್ನು ಸೂತ್ರಗಳಲ್ಲಿ ಹೊಂದಿಸಿದ ಬ್ರಹ್ಮಸೂತ್ರ, ಗೀತೆ ಮೂರನ್ನೂ ಸೇರಿಸಿ ಪ್ರಸ್ಥಾನತ್ರಯ ಎನ್ನುತ್ತಾರೆ. ಶಂಕರ, ರಾಮಾನುಜ, ಮಧ್ವ ಈ ಮೂವರೂ ಗೀತೆಗೆ ಭಾಷ್ಯ ಬರೆದ ಮೇಲೆ ಅದರ ದರ್ಜೆಯ ಪ್ರಶ್ನೆ ಹಿಂದೆ ಸರಿಯಿತು. ನ್ಯಾಯಾಲಯದಲ್ಲಿ ಗೀತೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡುವುದನ್ನು ಸಿನಿಮಾದಲ್ಲಿ ನೋಡಿ ಅದೇ "ನಮ್ಮ ಧರ್ಮಗ್ರಂಥ" ಎಂದುಕೊಂಡವರು ಬಹಳ ಮಂದಿ. ಹಿಂದೂಗಳಿಗೆ ಅಂತಹ ಒಂದೇ ಗ್ರಂಥವಿಲ್ಲ.

ಪುರಾಣಗಳು 18. ಸೃಷ್ಟಿ, ಪ್ರಳಯದ ನಂತರದ ಮರುಸೃಷ್ಟಿ, ವಂಶಗಳು, ಮನ್ವಂತರಗಳು, ರಾಜರ ಚರಿತ್ರೆ ಎಂಬ ಐದು ಲಕ್ಷಣಗಳನ್ನು ಅವುಗಳಿಗೆ ಹೇಳುವುದುಂಟು, ಆದರೆ ಈಗಿರುವ ಪುರಾಣಗಳಲ್ಲಿ ವ್ರತ, ತೀರ್ಥ, ದಾನ, ಕ್ಷೇತ್ರಮಹಿಮೆಗಳೇ ಹೆಚ್ಚು ಜಾಗ ಹಿಡಿದಿವೆ. ನಿಮ್ಮ ಸಂಕಲ್ಪದಲ್ಲಿ ಬಂದ ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಜಂಬೂದ್ವೀಪ, ಭರತಖಂಡ ಎಂಬ ಕಾಲದೇಶಗಳ ಲೆಕ್ಕವೆಲ್ಲ ಪುರಾಣದ್ದೇ. ಆ ಸಂಕಲ್ಪವು "ಶ್ರುತಿಸ್ಮೃತಿಪುರಾಣೋಕ್ತ ಫಲಪ್ರಾಪ್ತ್ಯರ್ಥಂ" ಎಂದು ಮೂರನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ ಎಂಬುದನ್ನು ಗಮನಿಸಿ. ಅಂದರೆ ನಿಮ್ಮ ಮಗಳ ಪ್ರಶ್ನೆಗೆ ಒಂದು ಮಟ್ಟಿಗೆ ಉತ್ತರ ಆ ಬೆಳಗಿನ ಮೊದಲ ಹತ್ತು ನಿಮಿಷದಲ್ಲೇ ಬಂದುಹೋಗಿತ್ತು. ಸತ್ಯನಾರಾಯಣ ಕಥೆಯ ಐದೂ ಅಧ್ಯಾಯಗಳ ಕೊನೆಯಲ್ಲಿ ಅದು ಸ್ಕಾಂದಪುರಾಣದ ರೇವಾಖಂಡದ್ದೆಂದು ಹೇಳುತ್ತಾರೆ. ಪೂಜೆಯ ಹದಿನಾರು ಉಪಚಾರಗಳಿಗೆ ಬಳಸುವುದು ಋಗ್ವೇದದ ಪುರುಷಸೂಕ್ತದ ಹದಿನಾರು ಮಂತ್ರಗಳನ್ನು, ಆದರೆ ವ್ರತದ ವಿಧಾನವೂ ಸಜ್ಜಿಗೆಗೆ ರವೆ, ಬಾಳೆಹಣ್ಣು, ತುಪ್ಪ, ಹಾಲು, ಸಕ್ಕರೆಗಳನ್ನು ಒಂದೂಕಾಲು ಪಟ್ಟಿನ ಲೆಕ್ಕದಲ್ಲಿ ಸೇರಿಸಬೇಕೆಂಬ ನಿಯಮವೂ ಕಥೆಯಿಂದ ಬಂದವು. ಸ್ಕಾಂದ ಎಂಬುದು ಒಂದೇ ಕೈಯ ಪುಸ್ತಕವಲ್ಲ. ನೇಪಾಳದಲ್ಲಿ ದೊರೆತ, 810ರ ಕಾಲದ ತಾಳೆಗರಿ ಪ್ರತಿಯಲ್ಲಿರುವ ಸ್ಕಾಂದವೂ ಇಂದು ಏಳು ಖಂಡಗಳಾಗಿ ಅಚ್ಚಾಗಿರುವ ಸ್ಕಾಂದವೂ ಬಹುಮಟ್ಟಿಗೆ ಬೇರೆ ಬೇರೆ ಗ್ರಂಥಗಳು. ಕ್ಷೇತ್ರಮಾಹಾತ್ಮ್ಯಗಳನ್ನು ಬರೆದವರು ಅದನ್ನು ಸ್ಕಾಂದದೊಳಕ್ಕೆ ಸೇರಿಸುವುದು ವಾಡಿಕೆಯಾಗಿತ್ತು. ವ್ರತ ಮರೆತ ವ್ಯಾಪಾರಿಯ ಹಡಗಿನ ಸರಕು ಬರಿಯ ಬಳ್ಳಿ ಎಲೆಗಳಾಯಿತು ಎಂಬಂತಹ ಪ್ರಸಂಗಗಳನ್ನು ಓದುವಾಗ ಮೀಮಾಂಸಕರ ಅರ್ಥವಾದದ ಅಳತೆಗೋಲನ್ನೇ ಹಿಡಿಯುವುದು ಒಳ್ಳೆಯದು: ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂಬ ಕಡೆಗೆ ಮನಸ್ಸನ್ನು ಒಲಿಸುವುದು ಅವುಗಳ ಉದ್ದೇಶ, ಭಯಪಡಿಸುವುದಲ್ಲ.

ಆಗಮಗಳನ್ನು ಸಾಮಾನ್ಯ ಓದುಗರು ಮರೆತೇಬಿಡುತ್ತಾರೆ. ದೇವಸ್ಥಾನಕ್ಕೆ ಹೋಗುವ ಪ್ರತಿಯೊಬ್ಬರೂ ಕಾಲಿಡುವುದು ಮಾತ್ರ ಆಗಮದ ಆವರಣಕ್ಕೆ. ವೈದಿಕ ಯಾಗದಲ್ಲಿ ಶಾಶ್ವತವಾದ ಗುಡಿಯಿಲ್ಲ, ವಿಗ್ರಹವಿಲ್ಲ. ಯಾಗಶಾಲೆಯನ್ನು ಕಟ್ಟಿ ಕರ್ಮ ಮುಗಿದ ಮೇಲೆ ಬಿಡುತ್ತಾರೆ. ಜಾಗದ ಪರೀಕ್ಷೆ, ಗರ್ಭಗುಡಿಯ ಅಳತೆ, ಬಿಂಬದ ಶಿಲೆ, ಪ್ರತಿಷ್ಠೆ, ನಿತ್ಯಪೂಜೆ, ಉತ್ಸವ, ಭಿನ್ನವಾದ ಮೂರ್ತಿಗೆ ಪ್ರಾಯಶ್ಚಿತ್ತ, ಜೀರ್ಣೋದ್ಧಾರ ಇವೆಲ್ಲವನ್ನೂ ಹೇಳುವುದು ಆಗಮ. ಶೈವದಲ್ಲಿ ಕಾಮಿಕ, ಕಾರಣ, ವಾತುಲ ಮುಂತಾದ 28, ವೈಷ್ಣವದಲ್ಲಿ ಪಾಂಚರಾತ್ರ ಮತ್ತು ವೈಖಾನಸ, ಶಾಕ್ತದಲ್ಲಿ ತಂತ್ರಗಳು. ತಿರುಪತಿಯ ಪೂಜೆ ವೈಖಾನಸ ಪದ್ಧತಿಯದು, ನಮ್ಮ ಮೇಲುಕೋಟೆಯದು ಪಾಂಚರಾತ್ರದ ಈಶ್ವರಸಂಹಿತೆಯದು. ವೇದವನ್ನು ಘನಾಂತ ಕಲಿತವರೂ ಆಗಮದ ದೀಕ್ಷೆಯಿಲ್ಲದೆ ಇಂತಹ ಗರ್ಭಗುಡಿಯಲ್ಲಿ ಬಿಂಬವನ್ನು ಮುಟ್ಟುವಂತಿಲ್ಲ. ಇದರಿಂದಲೇ ವೇದದ ಪಾಠವೂ ಆಗಮದ ಪಾಠವೂ ನಮ್ಮ ಸಂಸ್ಕೃತ ಪಾಠಶಾಲೆಗಳಲ್ಲಿ ಬೇರೆ ಬೇರೆ ವಿಷಯಗಳು. ಅರ್ಚಕರಿಗೆ ಆಗಮದ ಪರೀಕ್ಷೆಗಳೇ ಪ್ರತ್ಯೇಕವಾಗಿವೆ. ಹಾಗೆಂದು ಎರಡೂ ದೂರವೇ ಉಳಿದಿಲ್ಲ. ಶಿವನಿಗೆ ಅಭಿಷೇಕವಾಗುವಾಗ ಹೇಳುವ ನಮಕ, ಚಮಕಗಳು ತೈತ್ತಿರೀಯ ಸಂಹಿತೆಯ ನಾಲ್ಕನೇ ಕಾಂಡದವು: ಕ್ರಿಯೆ ಆಗಮದ್ದು, ಬಾಯಲ್ಲಿರುವುದು ವೇದ.

ವಿರೋಧ ಬಂದಾಗ ಏನು ಮಾಡಬೇಕು ಎಂಬುದಕ್ಕೆ ವ್ಯಾಸಸ್ಮೃತಿ ಒಂದು ನಿಯಮವನ್ನು ಕೊಡುತ್ತದೆ: ಶ್ರುತಿ, ಸ್ಮೃತಿ, ಪುರಾಣಗಳಲ್ಲಿ ವಿರೋಧ ಕಂಡರೆ ಶ್ರುತಿ ಪ್ರಮಾಣ; ಸ್ಮೃತಿಗೂ ಪುರಾಣಕ್ಕೂ ವಿರೋಧವಾದರೆ ಸ್ಮೃತಿ ಮೇಲು. ಈ ಸೂತ್ರವನ್ನು ಎಲ್ಲರೂ ಉದ್ಧರಿಸುತ್ತಾರೆ, ಆದರೆ ಇದರಲ್ಲಿ ಆಗಮದ ಹೆಸರಿಲ್ಲ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮತಗಳು ಬೇರೆಯಾಗುವುದು ಅಲ್ಲಿಯೇ. ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಒಂದು ಅಧಿಕರಣದಲ್ಲಿ, ಅಂದರೆ ಒಂದೇ ವಿಷಯದ ಸೂತ್ರಗಳ ಗುಂಪಿನಲ್ಲಿ, ಶಂಕರರು ಪಾಂಚರಾತ್ರದ ಕೆಲವು ಸಿದ್ಧಾಂತಗಳನ್ನು ವೇದಕ್ಕೆ ಹೊಂದುವುದಿಲ್ಲವೆಂದು ನಿರಾಕರಿಸುತ್ತಾರೆ. ಅದೇ ಸೂತ್ರಗಳನ್ನು ರಾಮಾನುಜರು ಪಾಂಚರಾತ್ರದ ಸಮರ್ಥನೆಯೆಂದೇ ವಿವರಿಸುತ್ತಾರೆ. ಮಧ್ವಾಚಾರ್ಯರು ನಾಲ್ಕು ವೇದ, ಭಾರತ, ಪಾಂಚರಾತ್ರ, ಮೂಲರಾಮಾಯಣ ಮತ್ತು ಅವುಗಳಿಗೆ ಅನುಗುಣವಾದ ಪುರಾಣಗಳನ್ನು ಒಟ್ಟಿಗೆ ಸದಾಗಮವೆಂದು ಎಣಿಸುತ್ತಾರೆ. ಆದ್ದರಿಂದ ಶ್ರುತಿ ಮೇಲು ಎಂಬ ಬಾಯಿಮಾತಿನಲ್ಲಿ ಎಲ್ಲರೂ ಒಂದು. ಶ್ರುತಿಯ ಪಕ್ಕದಲ್ಲಿ ಯಾವುದನ್ನು ಕೂರಿಸುತ್ತಾರೆ ಎಂಬುದರಲ್ಲಿ ಅವರವರ ಮತ ಅಡಗಿದೆ. ಇನ್ನು ದಿನನಿತ್ಯದ ಬಹುಪಾಲು "ವಿರೋಧ"ಗಳು ವಿರೋಧಗಳೇ ಅಲ್ಲ. ದೇವರಿಗೆ ರೂಪವಿಲ್ಲ ಎಂಬ ಉಪನಿಷತ್ತು ತತ್ತ್ವದ ಮಾತಾಡುತ್ತಿದೆ, ಬಿಂಬಕ್ಕೆ ಇಂತಿಷ್ಟು ಅಳತೆ ಎಂಬ ಆಗಮ ಪೂಜೆಯ ಮಾತಾಡುತ್ತಿದೆ.

ಕನ್ನಡದವರು ಈ ಚಿತ್ರವನ್ನು ಇಲ್ಲಿಗೇ ಮುಗಿಸುವಂತಿಲ್ಲ. ಮೇಲುಕೋಟೆಯಲ್ಲಿ ಆಳ್ವಾರರ ತಮಿಳು ಪಾಶುರಗಳಿಗೆ ವೇದದ ಸಮನಾದ ಸ್ಥಾನವಿದೆ, ಆದ್ದರಿಂದಲೇ ಶ್ರೀವೈಷ್ಣವರದು ಸಂಸ್ಕೃತ, ತಮಿಳು ಎರಡನ್ನೂ ಒಪ್ಪುವ ಉಭಯ ವೇದಾಂತ. ಪುರಂದರದಾಸರ ಪದಗಳನ್ನು ವ್ಯಾಸರಾಯರು ಪುರಂದರೋಪನಿಷತ್ತು ಎಂದು ಕರೆದರೆಂಬ ಪ್ರತೀತಿ ದಾಸಪರಂಪರೆಯಲ್ಲಿದೆ. ವಚನಕಾರರದು ಇದಕ್ಕಿಂತ ತೀಕ್ಷ್ಣವಾದ ದಾರಿ. ವೇದ, ಶಾಸ್ತ್ರ, ತರ್ಕ, ಆಗಮ ಎಂದು ಒಂದೊಂದನ್ನೇ ಹೆಸರಿಸಿ ಅವುಗಳ ಅಧಿಕಾರವನ್ನು ನಿರಾಕರಿಸಿ, ತಾನು ಮಾದಾರ ಚೆನ್ನಯ್ಯನ ಮನೆಯ ಮಗನೆಂದು ಹೇಳಿಕೊಳ್ಳುವ ಬಸವಣ್ಣನವರ ವಚನವೊಂದಿದೆ. ಆ ಪಟ್ಟಿಯ ಪ್ರತಿಯೊಂದು ಹೆಸರೂ ಯಾವ ಬಗೆಯ ಅಧಿಕಾರವನ್ನು ಸೂಚಿಸುತ್ತದೆ ಎಂದು ತಿಳಿದವರಿಗೆ ಮಾತ್ರ ಆ ವಚನದ ಪೂರ್ಣ ಧೈರ್ಯ ಕಾಣುತ್ತದೆ. ಲಿಂಗಾಯತ ಪರಂಪರೆಯಲ್ಲಿ ವಚನಗಳಿಗೂ ಆಗಮಗಳಿಗೂ ಯಾವ ಸ್ಥಾನ ಎಂಬ ಚರ್ಚೆ ಇಂದಿಗೂ ನಡೆದೇ ಇದೆ.

ಓದುವ ವಿಷಯ. ಋಗ್ವೇದ ಸಂಹಿತೆಯಿಂದ ಆರಂಭಿಸಬೇಡಿ. ಯಜ್ಞದ ಸಂದರ್ಭ ತಿಳಿಯದೆ ಮಂತ್ರಗಳ ಅನುವಾದ ಓದಿದವರು ಹತ್ತು ಪುಟದಲ್ಲೇ ದಣಿಯುತ್ತಾರೆ. ಕಾಲೇಜಿನ ವಯಸ್ಸಿನವರಿಗೆ ಕಠೋಪನಿಷತ್ತು ಒಳ್ಳೆಯ ಬಾಗಿಲು: ಅಲ್ಲಿ ನಚಿಕೇತನೆಂಬ ಹುಡುಗ ತಂದೆಯನ್ನೂ ಯಮನನ್ನೂ ಪ್ರಶ್ನೆ ಕೇಳಿ ಕೇಳಿ ಬಿಡದೆ ಕಾಡುತ್ತಾನೆ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದವರು ಶಾಂಕರಭಾಷ್ಯ ಸಹಿತವಾಗಿ ಕನ್ನಡದಲ್ಲಿ ಪ್ರಕಟಿಸಿರುವ ಉಪನಿಷತ್ತುಗಳು ಸುಲಭ ಬೆಲೆಗೆ ಸಿಗುತ್ತವೆ. ದ್ವೈತ ಅಥವಾ ವಿಶಿಷ್ಟಾದ್ವೈತದ ಮನೆಯವರಾದರೆ ತಮ್ಮ ಮತದ ವ್ಯಾಖ್ಯಾನವನ್ನು ಪಕ್ಕದಲ್ಲಿಟ್ಟುಕೊಳ್ಳಲಿ. ಅದಾದ ಮೇಲೆ ಗೀತೆ. ಆತ್ಮಕ್ಕೆ ಹುಟ್ಟು ಸಾವಿಲ್ಲ ಎನ್ನುವ ಗೀತೆಯ ಎರಡನೇ ಅಧ್ಯಾಯದ 19 ಮತ್ತು 20ನೇ ಶ್ಲೋಕಗಳಿಗೆ ಬಂದಾಗ, ಅವು ಕಠದಲ್ಲಿ ಆಗಲೇ ಓದಿದ ಮಂತ್ರಗಳಿಗೆ ಅಲ್ಪಸ್ವಲ್ಪ ವ್ಯತ್ಯಾಸ ಬಿಟ್ಟರೆ ಸಮವಾಗಿರುವುದು ಅವಳಿಗೆ ತಾನಾಗಿಯೇ ಕಾಣುತ್ತದೆ. ಶ್ರುತಿ ಸ್ಮೃತಿಯೊಳಗೆ ಬಂದು ಸೇರುವ ಬಗೆಯನ್ನು ಅವಳು ಆಗ ತಾನೇ ನೋಡಿದಂತಾಗುತ್ತದೆ. ಮಹಾಭಾರತವನ್ನು ಮಾತ್ರ ಈ ಎರಡಕ್ಕೂ ಕಾಯಿಸಬೇಕಾಗಿಲ್ಲ, ಅದನ್ನು ಇವತ್ತು ರಾತ್ರಿಯೇ ಶುರು ಮಾಡಬಹುದು.